ಬಿಡದಿಯ ದಾರಿ, ಪಾಸಿನ ಲೆಕ್ಕ

ಹಿಂದೂಪುರದವರಿಗೆ ಪಾಸು ಎಂಬುದು ಹೊಸ ಮಾತಲ್ಲ. ಧರ್ಮಾವರ, ಪೆನುಕೊಂಡಗಳ ಕಡೆಯಿಂದ ಬರುವ ರೈಲು ಮಾರ್ಗವು ಊರನ್ನು ದಾಟಿ ಗೌರಿಬಿದನೂರು, ದೊಡ್ಡಬಳ್ಳಾಪುರ, ಯಲಹಂಕಗಳ ಮೂಲಕ ಬೆಂಗಳೂರನ್ನು ಸೇರುತ್ತದೆ. ಸುಮಾರು ನೂರು ಕಿ.ಮೀ.ಗಳ ಈ ದಾರಿಯಲ್ಲಿ ದುಡಿಮೆಗೆಂದು ನಿತ್ಯ ಹೋಗಿಬರುವವರ ಜೇಬಿನಲ್ಲಿ ರೈಲ್ವೆಯ ಸೀಸನ್ ಟಿಕೆಟ್ ಇದ್ದೇ ಇರುತ್ತದೆ. ಮೂರು ತಿಂಗಳ ಪಾಸನ್ನು ಒಮ್ಮೆಗೇ ಕೊಂಡರೆ ಮಾಸಿಕ ದರದ ಮೂರು ಪಟ್ಟಿನ ಬದಲು 2.7 ಪಟ್ಟು ಕಟ್ಟಿದರೆ ಸಾಕು. ಇಂಥ ಪಾಸಿನಿಂದ ಉಳಿತಾಯವಾಗುತ್ತದೆಯೇ ಎಂದು ಅವರಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಪಾಸು ಇದ್ದರೂ ಇಲ್ಲದಿದ್ದರೂ ಅವರು ಮರುದಿನ ಬೆಳಿಗ್ಗೆ ಆ ರೈಲನ್ನು ಹತ್ತಲೇಬೇಕು.

ಈಚಿನ ವರ್ಷಗಳಲ್ಲಿ ಬೇರೊಂದು ಬಗೆಯ ಪಾಸು ಮನೆಗಳ ಮಾತುಕತೆಗೆ ಬಂದಿದೆ. ಅದು ಮನರಂಜನಾ ಉದ್ಯಾನಗಳ ವಾರ್ಷಿಕ ಪಾಸು. ಒಮ್ಮೆ ಹಣ ಕಟ್ಟಿ ವರ್ಷವಿಡೀ ಎಷ್ಟು ಬಾರಿಯಾದರೂ ಬನ್ನಿ ಎಂಬ ಆಹ್ವಾನ ಮೊಬೈಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಪರೀಕ್ಷೆ ಮುಗಿಸಿದ ಮಕ್ಕಳು ಅದನ್ನು ತಂದೆತಾಯಿಯ ಮುಂದೆ ಹಿಡಿಯುತ್ತಾರೆ. ಮಕ್ಕಳ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಬೆಂಗಳೂರಿನ ಕೆಂಗೇರಿಯಲ್ಲಿರುವ ಮನೆಗೆ ಒಪ್ಪುವ ಲೆಕ್ಕವು ಗಡಿಯಾಚೆಯ ಹಿಂದೂಪುರಕ್ಕೆ ಒಪ್ಪುತ್ತದೆಯೇ, ಇನ್ನೂ ದೂರದ ಕಲ್ಯಾಣದುರ್ಗಕ್ಕೆ ಒಪ್ಪುತ್ತದೆಯೇ ಎಂಬುದನ್ನು ಹಣ ಕಟ್ಟುವ ಮೊದಲೇ ಪರಿಶೀಲಿಸಬೇಕಾಗುತ್ತದೆ.

ಈ ಭಾಗದವರು ಇಂಥ ಉದ್ಯಾನವೆಂದರೆ ಸಾಮಾನ್ಯವಾಗಿ ನೆನೆಯುವುದು ಬಿಡದಿಯ ವಂಡರ್‌ಲಾವನ್ನು. 2000ರಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಎಂಬ ಹೆಸರಿನಿಂದ ಮೊದಲ ಉದ್ಯಾನವನ್ನು ತೆರೆದ ಉದ್ಯಮಿ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿಯವರ ಸಂಸ್ಥೆಯು 2005ರಲ್ಲಿ ಇದನ್ನು ಆರಂಭಿಸಿತು. ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಸುಮಾರು 28 ಕಿ.ಮೀ. ಸಾಗಿದರೆ ಅದು ಸಿಗುತ್ತದೆ. ಅಂದರೆ ಹಿಂದೂಪುರದಿಂದ ಹೊರಟವರಿಗೆ ಅದು ಬೆಂಗಳೂರಿನ ಆಚೆಯ ಅಂಚಿನಲ್ಲಿದೆ. ಉತ್ತರದಿಂದ ನಗರವನ್ನು ಹೊಕ್ಕು ನೈಋತ್ಯದಲ್ಲಿ ಹೊರಬೀಳಬೇಕು. ರೈಲಿನಲ್ಲಿ ಬಂದವರು ಮೆಜೆಸ್ಟಿಕ್‌ನಿಂದ ನೇರಳೆ ಮಾರ್ಗದ ಮೆಟ್ರೊ ಹಿಡಿಯಬಹುದು. 2023ರ ಅಕ್ಟೋಬರ್‌ನಲ್ಲಿ ಅದು ಕೆಂಗೇರಿಯಾಚೆಗಿನ ಚಲ್ಲಘಟ್ಟದವರೆಗೆ ವಿಸ್ತರಿಸಿದ ಮೇಲೆ ನಗರವನ್ನು ದಾಟುವ ಶ್ರಮ ಕಡಿಮೆಯಾಗಿದೆ. ಆದರೂ ಬೆಳಗಿನ ಜಾವಕ್ಕೆ ಎದ್ದು ಹೊರಟ ಮಕ್ಕಳು ಮರಳಿ ಮನೆ ಸೇರುವಾಗ ರಾತ್ರಿಯಾಗಿರುತ್ತದೆ.

ಕಲ್ಯಾಣದುರ್ಗದವರ ಪಾಡು ಬೇರೆ. ರಾಯದುರ್ಗದ ಕಡೆಯಿಂದ ಆ ಊರಿಗೆ ರೈಲು ಹಳಿ ಬಂದಿದೆಯಾದರೂ ಅದು ಮುಂದೆ ತುಮಕೂರನ್ನು ಸೇರಬೇಕಾದ ಕಾಮಗಾರಿ ಇನ್ನೂ ಪೂರ್ತಿಯಾಗಿಲ್ಲ. ಆದ್ದರಿಂದ ಬೆಂಗಳೂರಿಗೆ ಹೋಗುವವರು ಪಾವಗಡ, ಮಧುಗಿರಿ, ಕೊರಟಗೆರೆಗಳ ದಾರಿ ಹಿಡಿದು ಸುಮಾರು 200 ಕಿ.ಮೀ. ರಸ್ತೆಯಲ್ಲೇ ಸಾಗಬೇಕು, ಬಿಡದಿಗೆ ಅದಕ್ಕಿಂತಲೂ ಹೆಚ್ಚು. ಒಂದೇ ದಿನದಲ್ಲಿ ಹೋಗಿ, ಆಡಿ, ಹಿಂದಿರುಗುವುದು ಮಕ್ಕಳಿಗೆ ಸುಲಭವಲ್ಲ. ಒಂದು ರಾತ್ರಿಯ ತಂಗುವಿಕೆ ಖರ್ಚಿಗೆ ಸೇರಿಕೊಳ್ಳುತ್ತದೆ.

ಈ ದೂರವನ್ನು ಅಂಕಿಗಳಲ್ಲಿಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ದಿನದ ಟಿಕೆಟ್ ತಲೆಗೆ 1,200 ರೂ., ವಾರ್ಷಿಕ ಪಾಸು ತಲೆಗೆ 3,000 ರೂ. ಎಂದು ಹಿಡಿಯಬಹುದು. ಇವು ಯಾವ ಉದ್ಯಾನದ ದರಗಳೂ ಅಲ್ಲ, ಲೆಕ್ಕದ ಅನುಕೂಲಕ್ಕೆ ಇಟ್ಟುಕೊಂಡ ಅಂಕಿಗಳು. ನಾಲ್ವರ ಕುಟುಂಬಕ್ಕೆ ಒಂದು ಭೇಟಿಯ ಟಿಕೆಟ್ಟಿಗೆ 4,800 ರೂ., ಪಾಸುಗಳಿಗೆ 12,000 ರೂ. ಆಗುತ್ತದೆ. ಎರಡು ಭೇಟಿಗೆ ಪಾಸು ನಷ್ಟ, ಮೂರನೆಯ ಭೇಟಿಗೆ ಲಾಭ. ಜಾಹೀರಾತು ಹೇಳುವ ಲೆಕ್ಕ ಇಷ್ಟೇ. ಅದು ಸುಳ್ಳಲ್ಲ, ಆದರೆ ಅರ್ಧ.

ಹಿಂದೂಪುರದಿಂದ ನಾಲ್ವರು ಹೋಗಿಬರುವ ಪ್ರಯಾಣಕ್ಕೂ ಊಟತಿಂಡಿಗೂ ಪ್ರತಿ ಸಲ 1,500 ರೂ. ಎಂದು ಸೇರಿಸಬೇಕು. ಪಾಸಿಲ್ಲದೆ ವರ್ಷಕ್ಕೊಮ್ಮೆ ಹೋಗುವ ಕುಟುಂಬದ ಒಟ್ಟು ಖರ್ಚು 6,300 ರೂ. ಪಾಸು ಕೊಂಡು ಮೂರು ಬಾರಿ ಹೋದರೆ 12,000 ರೂ.ಗೆ 4,500 ರೂ. ಕೂಡಿ 16,500 ರೂ. ಪಾಸಿಲ್ಲದೆ ಮೂರು ಬಾರಿ ಹೋಗಿದ್ದರೆ 18,900 ರೂ. ಆಗುತ್ತಿತ್ತು, ಆದ್ದರಿಂದ 2,400 ರೂ. ಉಳಿಯಿತು ಎಂದು ಸಂತೋಷಪಡಬಹುದು. ಆದರೆ ಪಾಸಿಲ್ಲದಿದ್ದರೆ ಆ ಕುಟುಂಬ ಮೂರು ಬಾರಿ ಹೋಗುತ್ತಿತ್ತೇ? ಒಮ್ಮೆ ಮಾತ್ರ ಹೋಗುತ್ತಿದ್ದರೆ, 2,400 ರೂ. ಉಳಿಸಿದ ಆ ಮನೆಯಿಂದ ನಿಜವಾಗಿ 10,200 ರೂ. ಹೆಚ್ಚುವರಿಯಾಗಿ ಹೊರಹೋಗಿದೆ. ಕಲ್ಯಾಣದುರ್ಗದ ಕುಟುಂಬಕ್ಕೆ ತಂಗುವಿಕೆಯೂ ಸೇರಿ ಪ್ರತಿ ಸಲದ ಖರ್ಚು 3,500 ರೂ. ಎಂದಾದರೆ, ಒಂದೇ ಭೇಟಿಗೆ 8,300 ರೂ., ಪಾಸಿನೊಡನೆ ಮೂರು ಭೇಟಿಗೆ 22,500 ರೂ. ವ್ಯತ್ಯಾಸ 14,200 ರೂ. ಪಾಸಿನ ಬೆಲೆ ಎರಡೂ ಊರಿಗೆ ಒಂದೇ; ವ್ಯತ್ಯಾಸ ಬರುವುದು ದಾರಿಯ ಬೆಲೆಯಲ್ಲಿ. ಉಳಿತಾಯವನ್ನು ಪಾಸಿಲ್ಲದಿದ್ದರೂ ಹೋಗುತ್ತಿದ್ದ ಭೇಟಿಗಳಿಗೆ ಹೋಲಿಸಿ ಅಳೆಯಬೇಕು, ಪಾಸು ಹುಟ್ಟಿಸಿದ ಭೇಟಿಗಳಿಗೆ ಹೋಲಿಸಿ ಅಲ್ಲ.

ಮೂರು ಭೇಟಿಗಳಿಗಾದರೂ ದಿನಗಳೆಲ್ಲಿವೆ? ಗಡಿಭಾಗದ ಕನ್ನಡ ಮಾಧ್ಯಮ ಶಾಲೆಗಳು ಆಂಧ್ರದ ಶಾಲಾ ಪಂಚಾಂಗವನ್ನೇ ಅನುಸರಿಸುತ್ತವೆ. ದಸರಾ, ಸಂಕ್ರಾಂತಿ, ಬೇಸಿಗೆ ಎಂಬ ಮೂರು ರಜೆಗಳನ್ನು ಬಿಟ್ಟರೆ ಇಡೀ ದಿನದ ಪ್ರವಾಸಕ್ಕೆ ಉಳಿಯುವುದು ಭಾನುವಾರಗಳು ಮಾತ್ರ. ಹಲವು ವಾರ್ಷಿಕ ಪಾಸುಗಳು ವಾರಾಂತ್ಯ, ಹಬ್ಬ, ರಜೆಗಳನ್ನು ನಿರ್ಬಂಧಿತ ದಿನಗಳೆಂದು ಹೊರಗಿಡುತ್ತವೆ. ಶಾಲೆಗೆ ಬಿಡುವಿರುವ ದಿನ ಪಾಸಿಗೂ ಬಿಡುವು! ಹಾಗಾದ ಮೇಲೆ ‘ಎಷ್ಟು ಬಾರಿಯಾದರೂ’ ಎಂಬ ಮಾತಿಗೆ ಶಾಲೆಗೆ ಹೋಗುವ ಮಗುವಿನ ಪಾಲಿಗೆ ಅರ್ಥವೇ ಉಳಿಯುವುದಿಲ್ಲ.

ಷರತ್ತುಗಳ ವಿಷಯದಲ್ಲಿ ಅಮೆರಿಕದ ಒಂದು ಪ್ರಕರಣ ಗಮನಾರ್ಹ. ಕ್ಯಾಲಿಫೋರ್ನಿಯದ ಡಿಸ್ನಿಲ್ಯಾಂಡ್ ಕೊರೊನಾ ಕಾಲದಲ್ಲಿ, 2021ರ ಜನವರಿಯಲ್ಲಿ, ತನ್ನ ವಾರ್ಷಿಕ ಪಾಸುಗಳ ವ್ಯವಸ್ಥೆಯನ್ನೇ ನಿಲ್ಲಿಸಿ, ಅದೇ ವರ್ಷ ಆಗಸ್ಟ್‌ನಲ್ಲಿ ಹೊಸ ಹೆಸರಿನ ಪಾಸುಗಳನ್ನು ತಂದಿತು. ಅವುಗಳಲ್ಲಿ ಅತಿ ದುಬಾರಿಯಾದುದರ ಬೆಲೆ 1,399 ಡಾಲರ್. ಅದಕ್ಕೆ ನಿರ್ಬಂಧಿತ ದಿನಗಳೇ ಇಲ್ಲವೆಂದು ಸಾರಲಾಗಿತ್ತು. ಆದರೆ ಪಾಸಿದ್ದವರೂ ಮುಂಗಡವಾಗಿ ದಿನ ಕಾಯ್ದಿರಿಸಬೇಕಿತ್ತು. ಉದ್ಯಾನದ ಟಿಕೆಟ್ಟುಗಳು ಮಾರಾಟಕ್ಕೆ ಲಭ್ಯವಿದ್ದ ದಿನಗಳಲ್ಲೂ ಪಾಸುದಾರರಿಗೆ ಜಾಗವಿಲ್ಲವೆಂಬ ಉತ್ತರ ಬಂದಾಗ ಒಬ್ಬ ಗ್ರಾಹಕಿ ಎಲ್ಲರ ಪರವಾಗಿ ದಾವೆ ಹೂಡಿದರು. ಸಂಸ್ಥೆಯು ತಪ್ಪನ್ನು ಒಪ್ಪಿಕೊಳ್ಳದೆ, 95 ಲಕ್ಷ ಡಾಲರ್ ಪಾವತಿಸುವ ರಾಜಿಗೆ 2023ರಲ್ಲಿ ಒಪ್ಪಿತು. ಒಂದು ಲಕ್ಷಕ್ಕೂ ಮಿಕ್ಕ ಪಾಸುದಾರರಿಗೆ ಅದು ಹಂಚಿಹೋಗಬೇಕಾಗಿದ್ದುದರಿಂದ ಒಬ್ಬೊಬ್ಬರ ಪಾಲಿಗೆ ಬಂದುದು ಅಲ್ಪವೇ. ‘ನಿರ್ಬಂಧವಿಲ್ಲ’ ಎಂಬ ದಪ್ಪಕ್ಷರದ ಕೆಳಗೆ ‘ಕಾಯ್ದಿರಿಸುವಿಕೆ ಕಡ್ಡಾಯ’ ಎಂಬ ಸಣ್ಣಕ್ಷರವಿದ್ದರೆ, ಓದಬೇಕಾದುದು ಸಣ್ಣಕ್ಷರವನ್ನು.

ನಮ್ಮ ದೇಶದಲ್ಲಿ ಇಂಥ ತಕರಾರು ಬಂದರೆ ಗಡಿಯಾಚೆಯ ಗ್ರಾಹಕರು ಬೆಂಗಳೂರಿಗೆ ಅಲೆಯಬೇಕೆಂಬ ಭಯ ಬೇಡ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ 34ನೇ ಕಲಮಿನ ಪ್ರಕಾರ ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಸ್ಥಳದ ವ್ಯಾಪ್ತಿಯ ಜಿಲ್ಲಾ ಆಯೋಗದಲ್ಲೇ ದೂರು ಸಲ್ಲಿಸಬಹುದು. ಐದು ಲಕ್ಷ ರೂ.ವರೆಗಿನ ಸೇವೆ ಅಥವಾ ಸರಕಿಗೆ ಸಂಬಂಧಿಸಿದ ದೂರಿಗೆ ಶುಲ್ಕವಿಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಅವಧಿ ಉಂಟು. ಮೊದಲ ಹೆಜ್ಜೆಯಾಗಿ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ಆದರೆ ಹಕ್ಕು ನಡೆಯಬೇಕಾದರೆ ದಾಖಲೆ ಬೇಕು. ಕೊಂಡ ದಿನದ ಜಾಹೀರಾತು, ಷರತ್ತುಗಳ ಪುಟ, ಹಣ ಪಾವತಿಯ ರಸೀದಿ ಈ ಮೂರನ್ನೂ ತೆಗೆದಿಡುವುದು ಒಳಿತು. ಹಣ ಮರಳಿಸುವುದಿಲ್ಲ, ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ ಎಂಬ ಷರತ್ತುಗಳಿಗೆ ಒಪ್ಪಿಗೆ ಕೊಡುವ ಮುನ್ನ, ವರ್ಷದ ನಡುವೆ ಮಗುವಿಗೆ ಕಾಯಿಲೆಯಾದರೆ ಏನು ಗತಿ ಎಂದೂ ಯೋಚಿಸಬೇಕು.

ಗಡಿಯ ಲೆಕ್ಕಕ್ಕೆ ಇನ್ನೊಂದು ಅಂಶವೂ ಸೇರುತ್ತದೆ. ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್ 11ರಂದು ಆರಂಭವಾಯಿತು. ಅದರ ಉಚಿತ ಪ್ರಯಾಣ ಕರ್ನಾಟಕದ ನಿವಾಸಿ ಮಹಿಳೆಯರಿಗೆ ಸೀಮಿತ. ಆಂಧ್ರಪ್ರದೇಶದ ಸ್ತ್ರೀಶಕ್ತಿ ಯೋಜನೆ 2025ರ ಆಗಸ್ಟ್ 15ರಂದು ಆರಂಭವಾಯಿತು; ಪಲ್ಲೆವೆಲುಗು, ಎಕ್ಸ್‌ಪ್ರೆಸ್ ಮುಂತಾದ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರು ಉಚಿತವಾಗಿ ಸಂಚರಿಸಬಹುದು, ಆದರೆ ಅಂತರರಾಜ್ಯ ಬಸ್ಸುಗಳಿಗೆ ಅದು ಅನ್ವಯಿಸದು. ಹೀಗಾಗಿ ಹಿಂದೂಪುರದ ಕನ್ನಡ ತಾಯಿಗೂ ಮಗಳಿಗೂ ಬಿಡದಿಯ ದಾರಿಯಲ್ಲಿ ಎರಡು ರಾಜ್ಯಗಳ ಯೋಜನೆಗಳೂ ಒದಗುವುದಿಲ್ಲ. ಲೇಪಾಕ್ಷಿಯ ದಾರಿಯಲ್ಲಾದರೆ ಟಿಕೆಟ್ಟಿನ ಖರ್ಚೇ ಇಲ್ಲ. ತಂದೆಯೂ ಮಗನೂ ಮಾತ್ರ ಹಣ ಕೊಟ್ಟರೆ ಸಾಕು.

ಆ ದಾರಿಯಲ್ಲಿ ಏನಿದೆ ಎಂದು ಮಕ್ಕಳು ಕೇಳಿದರೆ ಉತ್ತರ ಬಡವಾಗಿಲ್ಲ. ಹಿಂದೂಪುರದಿಂದ ಸುಮಾರು 15 ಕಿ.ಮೀ. ದೂರದ ಲೇಪಾಕ್ಷಿಯಲ್ಲಿ ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ ಕಟ್ಟಿಸಿದ ವೀರಭದ್ರ ದೇಗುಲ, ನೆಲಕ್ಕೆ ಪೂರ್ತಿ ತಾಗದ ಕಂಬ, ಚಾವಣಿಯ ವರ್ಣಚಿತ್ರಗಳು, ಏಕಶಿಲೆಯ ಬೃಹತ್ ನಂದಿ ಇವೆ. 2022ರಲ್ಲಿ ಇದು ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಉತ್ತರಕ್ಕೆ ಹೋದರೆ, 1565ರ ಯುದ್ಧದ ನಂತರ ವಿಜಯನಗರದ ರಾಜಧಾನಿಯಾದ ಪೆನುಕೊಂಡ. ಪಶ್ಚಿಮಕ್ಕೆ ಮಡಕಶಿರಾ ದಾಟಿ ಅಮರಾಪುರದ ಕಡೆಗೆ ಹೋದರೆ ಹೇಮಾವತಿ. ಶಾಸನಗಳ ಹೆಂಜೇರು ಇದೇ, ನೊಳಂಬರ ರಾಜಧಾನಿ. ಇಲ್ಲಿಯ ಕೆತ್ತನೆಯ ಕಂಬಗಳು ಚೋಳರ ಕಣ್ಣಿಗೆ ಬಿದ್ದು ಕಾವೇರಿ ತೀರದ ತಿರುವೈಯಾರಿನವರೆಗೆ ಸಾಗಿದವು. ಕನ್ನಡ ಮಾಧ್ಯಮದ ಮಕ್ಕಳು ಇತಿಹಾಸದಲ್ಲಿ ಓದುವ ಅರಸು ಮನೆತನವೊಂದು ತಮ್ಮ ಪಕ್ಕದ ಮಂಡಲದಲ್ಲೇ ಇತ್ತೆಂದು ಕಣ್ಣಾರೆ ಕಾಣಬಹುದು. ಕಲ್ಯಾಣದುರ್ಗದವರಿಗೆ ರಾಯದುರ್ಗದ ಕೋಟೆಯೂ ಕುಂದುರ್ಪಿಯ ಕೋಟೆಯೂ ಹತ್ತಿರ. ಮುದಿಗಲ್ಲಿನ ಬೃಹತ್ ಶಿಲಾಸಮಾಧಿಗಳು ಇನ್ನೂ ಹತ್ತಿರ.

ಹೇಮಾವತಿಯನ್ನು ತೋರಿಸಿ ನೀರಾಟದ ಆಸೆಯನ್ನು ಮರೆಸಬಹುದೆಂದು ಭಾವಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ. ಎರಡೂ ಬೇಕು. ಬಿಡದಿಗೆ ವರ್ಷಕ್ಕೊಮ್ಮೆ ದಿನದ ಟಿಕೆಟ್ ಕೊಂಡು ಹೋಗಿ, ಉಳಿದ ರಜೆಗಳಲ್ಲಿ ಹತ್ತಿರದ ಊರುಗಳನ್ನು ನೋಡುವ ಕುಟುಂಬಕ್ಕೆ ಮೇಲಿನ ಲೆಕ್ಕದ ಹತ್ತು ಸಾವಿರ ರೂ.ಗಳಲ್ಲಿ ಹೆಚ್ಚಿನ ಪಾಲು ಮನೆಯಲ್ಲೇ ಉಳಿಯುತ್ತದೆ. ಶಾಲೆಯವರು ಪ್ರವಾಸ ಏರ್ಪಡಿಸಿದರೆ ಗುಂಪಿನ ರಿಯಾಯಿತಿಯೂ ಸಿಗಬಹುದು. ಪಾಲಕರ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಅದು.

ಪಾಸು ಲಾಭ ತರುವ ಮನೆಗಳೂ ಗಡಿಯಲ್ಲಿ ಇಲ್ಲದಿಲ್ಲ. ಅಜ್ಜಿಯ ಮನೆಯೋ ಸೋದರಮಾವನ ಮನೆಯೋ ಕೆಂಗೇರಿ, ಬಿಡದಿಗಳ ಬಳಿ ಇದ್ದು, ಮಕ್ಕಳು ಬೇಸಿಗೆಯ ಒಂದು ತಿಂಗಳನ್ನು ಅಲ್ಲೇ ಕಳೆಯುವುದಾದರೆ ದಾರಿಯ ಬೆಲೆ ಇಳಿದುಹೋಗುತ್ತದೆ. ಆಗಲೂ ನಾಲ್ವರಿಗೆ ಪಾಸು ಬೇಕಿಲ್ಲ. ಮಕ್ಕಳಿಗೂ ಅವರನ್ನು ಕರೆದೊಯ್ಯುವ ಒಬ್ಬ ಹಿರಿಯರಿಗೂ ಸಾಕು. ಆದರೆ ಬೇಸಿಗೆ ರಜೆ ನಿರ್ಬಂಧಿತ ದಿನಗಳ ಪಟ್ಟಿಯಲ್ಲಿಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕು.

ಹಾಗಾಗಿ ಹಣ ಕಟ್ಟುವ ಮುನ್ನ ಮನೆಯವರೆಲ್ಲ ಕುಳಿತು ಒಂದು ಹಾಳೆಯಲ್ಲಿ ಮೂರು ಅಂಕಿಗಳನ್ನು ಬರೆಯಲಿ. ಕಳೆದ ವರ್ಷ ಪಾಸಿಲ್ಲದೆ ಎಷ್ಟು ಬಾರಿ ಹೋದದ್ದು, ಒಂದು ಸಲದ ದಾರಿಖರ್ಚು ಎಷ್ಟು, ಮುಂದಿನ ವರ್ಷದ ರಜೆಗಳಲ್ಲಿ ಪಾಸು ನಡೆಯುವ ದಿನಗಳೆಷ್ಟು. ಕೂಡುವ ಕಳೆಯುವ ಕೆಲಸವನ್ನು ಐದನೆಯ ತರಗತಿಯ ಮಗುವಿಗೇ ಒಪ್ಪಿಸಬಹುದು. ತಾನೇ ಹಾಕಿದ ಲೆಕ್ಕದಿಂದ ಬಂದ ‘ಬೇಡ’ವನ್ನು ಮಗು ಹೆಚ್ಚು ಸುಲಭವಾಗಿ ಒಪ್ಪುತ್ತದೆ, ‘ಬೇಕು’ ಎಂದು ಬಂದರೆ ಹಿರಿಯರೂ ಒಪ್ಪಬೇಕಾಗುತ್ತದೆ.