ಟ್ರೈಲರ್ ಕಟ್ಟಿದ ಟ್ರ್ಯಾಕ್ಟರ್‌ಗೆ ಯಾವ ಲೈಸೆನ್ಸ್ ಬೇಕು?



ಹೋದ ಸಲ ಮಾವಿನ ಜಿಗಿಹುಳದ ಬಗ್ಗೆ ಬರೆದಿದ್ದೆ. ಈ ಸಲ ಬೆಳೆ ವಿಷಯ ಅಲ್ಲ. ಬರೆಯೋದೋ ಬೇಡವೋ ಅಂತ ಇಷ್ಟು ತಿಂಗಳು ಸುಮ್ಮನಿದ್ದೆ, ಯಾಕಂದ್ರೆ ಇದರಲ್ಲಿ ತಪ್ಪು ನನ್ನದೇ. ಆದರೆ ಮತ್ತೆ ಮಾವಿನ ಸುಗ್ಗಿ ಹತ್ತಿರ ಬಂತು. ಮೊನ್ನೆ ಮುಳಬಾಗಿಲು ಕಡೆ ಹೋಗಿದ್ದೆ, ದಾರಿಯಲ್ಲಿ ಮೂರು ಟ್ರ್ಯಾಕ್ಟರ್ ಎದುರು ಬಂದವು. ಮೂರರಲ್ಲೂ ಮೀಸೆ ಮೂಡದ ಹುಡುಗರು, ಹಿಂದೆ ಟ್ರೈಲರ್ ತುಂಬಾ ಟೊಮೆಟೊ ಬಾಕ್ಸು. ಅದನ್ನ ನೋಡಿದ ಮೇಲೆ ಬರೀಲೇಬೇಕು ಅನ್ನಿಸ್ತು. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

2025ರ ಜೂನ್ ನಿಮಗೆಲ್ಲಾ ನೆನಪಿರುತ್ತೆ. ತೋತಾಪುರಿ ಬೆಲೆ ನೆಲ ಕಚ್ಚಿದ ಕಾಲ. ಚಿತ್ತೂರು ಕಡೆ ನಮ್ಮ ಕಾಯಿ ಬಿಡಲ್ಲ ಅಂದ್ರು, ಶ್ರೀನಿವಾಸಪುರದ ಮಂಡಿಗಳ ಮುಂದೆ ಸಾಲುಗಟ್ಟಿ ಗಾಡಿ ನಿಂತವು. ಬೆಳಗಿನ ಜಾವ ಬೇಗ ಹೋದವರಿಗೆ ಮೊದಲು ಕಾಯಿ ಇಳಿಸೋ ಜಾಗ. ಆವತ್ತು ಮೂರು ಟನ್ ಕಾಯಿ ಟ್ರೈಲರ್‌ಗೆ ತುಂಬಿತ್ತು. ನನಗೆ ತೋಟದಲ್ಲಿ ಕೀಳೋ ಆಳುಗಳನ್ನ ನೋಡ್ಕೋಬೇಕಿತ್ತು. ನಮ್ಮ ತಮ್ಮನ ಮಗ ಹತ್ತೊಂಬತ್ತರ ಹುಡುಗ, "ದೊಡ್ಡಪ್ಪ, ನಾನು ಹಾಕ್ಕೊಂಡು ಹೋಗ್ತೀನಿ, ನೀವು ಆಮೇಲೆ ಬನ್ನಿ" ಅಂದ. ಹೊಲದಲ್ಲಿ ಎರಡು ವರ್ಷದಿಂದ ಉಳುಮೆ ಮಾಡ್ತಿದ್ದವನು. ಬೈಕ್ ಲೈಸೆನ್ಸ್ ಇತ್ತು. ಟ್ರ್ಯಾಕ್ಟರ್‌ಗೆ ಇರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೀ ಕೊಟ್ಟೆ.

ನಾಲ್ಕೂವರೆ ಗಂಟೆ. ಮಣ್ಣು ದಾರಿಯಿಂದ ಟಾರು ರಸ್ತೆಗೆ ಎಡಕ್ಕೆ ತಿರುಗೋ ಮೂಲೆಯಲ್ಲಿ ಒಂದು ಹೊಂಗೆ ಮರ ಇದೆ. ಪಕ್ಕದೂರಿನ ಹಿರಿಯರೊಬ್ಬರು ಡೈರಿಗೆ ಹಾಲು ಹಾಕೋಕೆ ಮೊಪೆಡ್‌ನಲ್ಲಿ ಬಂದವರು, ಟ್ರ್ಯಾಕ್ಟರ್ ಬರ್ತಿದೆ ಅಂತ ಆ ಮರದ ಕೆಳಗೆ ನಿಲ್ಲಿಸಿ ದಾರಿ ಬಿಟ್ಟಿದ್ದಾರೆ. ಟ್ರ್ಯಾಕ್ಟರ್ ಅವರನ್ನ ದಾಟಿತು. ಟ್ರೈಲರ್ ದಾಟಲಿಲ್ಲ. ತಿರುವಿನಲ್ಲಿ ಟ್ರೈಲರ್ ಚಕ್ರ ಟ್ರ್ಯಾಕ್ಟರ್ ಚಕ್ರದ ಜಾಡಿನಲ್ಲಿ ಬರಲ್ಲ, ಒಳಗಡೆಗೆ ಕತ್ತರಿಸಿಕೊಂಡು ಬರುತ್ತೆ. ಹುಡುಗನಿಗೆ ಹೊಲದಲ್ಲಿ ಕಲ್ಟಿವೇಟರ್ ಕಟ್ಟಿ ಓಡಿಸಿ ಅಭ್ಯಾಸ, ಟ್ರೈಲರ್ ಕಟ್ಟಿ ಕತ್ತಲಲ್ಲಿ ತಿರುಗಿಸಿ ಅಭ್ಯಾಸ ಇರಲಿಲ್ಲ. ಮೊಪೆಡ್ ಚಕ್ರದ ಕೆಳಗೆ ಹೋಯ್ತು. ಅವರ ಬಲಗಾಲು ಎರಡು ಕಡೆ ಮುರೀತು. ಹಾಲಿನ ಕ್ಯಾನ್ ಉರುಳಿ ರಸ್ತೆಯೆಲ್ಲಾ ಬೆಳ್ಳಗೆ.

ನಾನು ಓಡಿ ಬರೋ ಹೊತ್ತಿಗೆ ನಮ್ಮ ಹುಡುಗ ಅವರ ತಲೆ ತೊಡೆ ಮೇಲಿಟ್ಕೊಂಡು ಅಳ್ತಾ ಕೂತಿದ್ದ. 108ಕ್ಕೆ ಅವನೇ ಫೋನ್ ಮಾಡಿದ್ದ. ಓಡಿ ಹೋಗಲಿಲ್ಲ ಅನ್ನೋದೊಂದೇ ಆವತ್ತು ನನಗೆ ಸಮಾಧಾನ.

ಕೋಲಾರದಲ್ಲಿ ಆಪರೇಷನ್ ಆಯ್ತು, ರಾಡ್ ಹಾಕಿದರು. ಆ ಖರ್ಚು 1,40,000 ರೂಪಾಯಿ ನಾನೇ ಕೊಟ್ಟೆ. ಒಂದು ಎಚ್‌ಎಫ್ ಹಸು ಮಾರಿದೆ, ಮನೆಯವಳ ಸರ ಅಡವಿಟ್ಟೆ. ಇನ್ಶೂರೆನ್ಸ್ ಇದೆಯಲ್ಲ ಅನ್ನೋ ಧೈರ್ಯ ಇತ್ತು. ಪಾಲಿಸಿ ಚಾಲ್ತಿಯಲ್ಲಿತ್ತು, ಟ್ರೈಲರ್ ನಂಬರ್ ಕೂಡಾ ಪಾಲಿಸಿಯಲ್ಲಿ ಸೇರಿತ್ತು. ಆದರೆ ಕೇಸು ಕೋರ್ಟಿಗೆ ಹೋದಮೇಲೆ ಕಂಪನಿಯವರು ಮೊದಲು ಕೇಳಿದ್ದು ಒಂದೇ ಕಾಗದ: ಓಡಿಸ್ತಿದ್ದವನ ಡಿಎಲ್.

ವಕೀಲರು ನನಗೆ ಬಿಡಿಸಿ ಹೇಳಿದರು. ಲೈಸೆನ್ಸ್ ಇಲ್ಲದವನಿಗೆ ಮಾಲೀಕ ಗೊತ್ತಿದ್ದೂ ಗಾಡಿ ಕೊಟ್ಟಿದ್ದಾನೆ ಅಂತ ಕಂಪನಿ ಸಾಬೀತು ಮಾಡಿದರೆ ಪಾಲಿಸಿ ಷರತ್ತು ಮುರಿದಂತೆ. ಆಗ ಸಾಮಾನ್ಯವಾಗಿ ಕೋರ್ಟು ಏನು ಹೇಳುತ್ತೆ ಅಂದ್ರೆ, ಏಟು ತಿಂದವರಿಗೆ ಕಂಪನಿ ಮೊದಲು ದುಡ್ಡು ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ. ಸ್ವರಣ್ ಸಿಂಗ್ ಅನ್ನೋ ಕೇಸಿನಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ಇದನ್ನ ವಿವರವಾಗಿ ಹೇಳಿದೆಯಂತೆ. ಅಂದ್ರೆ ಏಟು ತಿಂದವರಿಗೆ ನ್ಯಾಯ ಸಿಗುತ್ತೆ, ಅದು ಸರಿ. ಆದರೆ ಕೊನೆಗೆ ಆ ದುಡ್ಡು ಬರೋದು ನಮ್ಮ ಪಹಣಿಯಿಂದ. ನನ್ನ ಕೇಸು ಇನ್ನೂ ನಡೀತಾ ಇದೆ. ಎರಡೂವರೆ ಎಕರೆ ಇರೋನಿಗೆ ರಾತ್ರಿ ನಿದ್ದೆ ಹೇಗೆ ಬರುತ್ತೆ ನೀವೇ ಹೇಳಿ.

ಈಗ ಲೈಸೆನ್ಸ್ ವಿಷಯ. ನಮ್ಮ ಕಡೆ ಮೂರು ತರ ಮಾತು ಓಡಾಡ್ತಿದೆ. ಒಬ್ಬರು, "ಹೊಲದ ಗಾಡಿಗೆ ಲೈಸೆನ್ಸ್ ಯಾಕೆ?" ಅಂತಾರೆ. ಇನ್ನೊಬ್ಬರು, "ಟ್ರೈಲರ್ ಕಟ್ಟಿದ್ರೆ ಲಾರಿಯವರ ತರ ಬ್ಯಾಡ್ಜ್ ಬೇಕು, ಅದೆಲ್ಲಾ ನಮ್ಮ ಕೈಲಾಗಲ್ಲ" ಅಂತ ಯಾವುದನ್ನೂ ಮಾಡಿಸಲ್ಲ. ಮೂರನೆಯವರು, "ಬೈಕ್ ಡಿಎಲ್ ಇದೆಯಲ್ಲ, ಸಾಕು" ಅಂತಾರೆ. ಮೂರೂ ತಪ್ಪು.

ರಸ್ತೆಗೆ ಬಂದ ಮೇಲೆ ಟ್ರ್ಯಾಕ್ಟರ್ ಕೂಡಾ ಮೋಟಾರು ವಾಹನವೇ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ, ಖಾಲಿ ತೂಕ 7,500 ಕೆಜಿ ಮೀರದ ಟ್ರ್ಯಾಕ್ಟರ್ ಎಲ್‌ಎಂವಿ ಅಂತ, ಅಂದ್ರೆ ಲಘು ವಾಹನ ಅಂತ ಇದೆ. ನಮ್ಮ ಟ್ರ್ಯಾಕ್ಟರ್‌ಗಳು ಎರಡು ಟನ್ ಆಸುಪಾಸು. ಹಾಗಾಗಿ ಕಾರಿಗೆ ಮಾಡಿಸೋ ಎಲ್‌ಎಂವಿ ಲೈಸೆನ್ಸೇ ಇದಕ್ಕೂ ಆಗುತ್ತೆ. ಹದಿನೆಂಟು ತುಂಬಿರಬೇಕು. ಟ್ರೈಲರ್ ಕಟ್ಟಿದರೆ? 2001ರಲ್ಲಿ ನಮ್ಮ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ನಾಗಶೆಟ್ಟಿ ಅನ್ನೋವರ ಕೇಸು ಇದೇ ಪ್ರಶ್ನೆ. ಟ್ರೈಲರ್ ಕಟ್ಟಿ ಸಾಮಾನು ಹೇರಿದ ಮಾತ್ರಕ್ಕೆ ಟ್ರ್ಯಾಕ್ಟರ್ ಬೇರೆ ಜಾತಿ ಗಾಡಿ ಆಗಲ್ಲ, ಟ್ರ್ಯಾಕ್ಟರ್ ಓಡಿಸೋ ಲೈಸೆನ್ಸ್ ಇದ್ದವನಿಗೆ ಟ್ರೈಲರ್ ಸಮೇತ ಓಡಿಸೋಕೂ ಅದೇ ಸಾಕು ಅಂತ ಕೋರ್ಟು ಹೇಳಿತು. ವಕೀಲರು ಇದನ್ನ ಹೇಳಿದಾಗ ನನಗೆ ಹೊಟ್ಟೆ ಉರೀತು. ಇಷ್ಟು ಸುಲಭದ ಕೆಲಸ ಮಾಡಿಸದೇ ಹೋದೆನಲ್ಲ ಅಂತ.

ಟಾಟಾ ಏಸ್, ಪಿಕಪ್ ಇಟ್ಟಿರೋ ಟೊಮೆಟೊ ಬೆಳೆಗಾರರಿಗೂ ಒಂದು ಮಾತು. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐದು ಜನ ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿದೆ. ಒಟ್ಟು ತೂಕ 7,500 ಕೆಜಿ ಒಳಗಿನ ಸರಕು ಗಾಡಿಗೂ ಎಲ್‌ಎಂವಿ ಲೈಸೆನ್ಸ್ ಸಾಕು, ಬೇರೆ ಬ್ಯಾಡ್ಜ್ ಬೇಕಿಲ್ಲ. ಅದಕ್ಕಿಂತ ದೊಡ್ಡ ಗಾಡಿಗೆ ಬೇಕೇ ಬೇಕು.

ಮಾಲೂರು ಕಡೆ ಇಟ್ಟಿಗೆ ಗೂಡಿಗೆ, ಹೆಂಚಿನ ಫ್ಯಾಕ್ಟರಿಗೆ ಬಾಡಿಗೆ ಮಣ್ಣು ಹೊಡೆಯೋ ಗೆಳೆಯರು ಇನ್ನೊಂದು ಗಮನಿಸಬೇಕು. ಲೈಸೆನ್ಸ್ ಸರಿ ಇದ್ದರೂ ಸಾಲದು. ಪಾಲಿಸಿಯಲ್ಲಿ ಕೃಷಿಗೆ ಮಾತ್ರ ಅಂತ ಇದ್ದು, ಟ್ರೈಲರ್ ಮೇಲೆ ಕೂಲಿಯವರನ್ನ ಕೂರಿಸಿಕೊಂಡು ಹೋಗಿ ಹೆಚ್ಚು ಕಡಿಮೆ ಆದರೆ ಕಂಪನಿ ಕೈ ತೊಳೆದುಕೊಳ್ಳುತ್ತೆ. ಇಟ್ಟಿಗೆ ಗೂಡಿನ ಮಣ್ಣು ತರೋಕೆ ಹೋದ ಕೂಲಿಯವನೊಬ್ಬನ ಕೇಸಿನಲ್ಲಿ 2007ರಲ್ಲಿ ಸುಪ್ರೀಂ ಕೋರ್ಟ್, ಪಾಲಿಸಿ ಪ್ರಕಾರ ಕಂಪನಿ ಹೊಣೆ ಅಲ್ಲ ಅಂತಲೇ ಹೇಳಿತು. ಬಡವ ಅಂತ ಮೊದಲು ಕಂಪನಿ ಕೊಡಲಿ, ಮಾಲೀಕನಿಂದ ವಸೂಲಿ ಮಾಡಲಿ ಅಂತ ಆದೇಶ ಆಯ್ತು. ಸುತ್ತಿ ಬಳಸಿ ಮತ್ತೆ ಮಾಲೀಕನ ತಲೆ ಮೇಲೇ.

ಆಗಸ್ಟ್‌ನಲ್ಲಿ ಹುಡುಗನ್ನ ಕರ್ಕೊಂಡು ಕೋಲಾರದ ಆರ್‌ಟಿಓಗೆ ಹೋದೆ. ಅವನಿಗೆ ಎಲ್‌ಎಲ್‌ಆರ್ ಮಾಡಿಸೋದು ನಮ್ಮ ಕೆಲಸ. ಕೌಂಟರ್ ಮುಂದೆ ನಿಂತಾಗ, "ನಿಮ್ಮದು ಯಾವಾಗ ಮುಗಿಯುತ್ತೆ ದೊಡ್ಡಪ್ಪ?" ಅಂದ. ಜೇಬಿಂದ ತೆಗೆದು ನೋಡಿದೆ. 1994ರಲ್ಲಿ ಮೊದಲು ಮಾಡಿಸಿದ್ದು, ಕೊನೇ ಸಲ ರಿನೀವಲ್ ಮಾಡಿಸಿದ್ದು 2019ರಲ್ಲಿ ನನಗೆ ಐವತ್ತು ತುಂಬಿದಾಗ. ಐದು ವರ್ಷಕ್ಕೆ ಕೊಟ್ಟಿದ್ದರು. 2024ರ ಮಾರ್ಚ್‌ಗೇ ಮುಗಿದು ಹೋಗಿದೆ!

ಕಾಲು ನಡುಗಿತು. ಆವತ್ತು ಬೆಳಗಿನ ಜಾವ ನಾನೇ ಟ್ರ್ಯಾಕ್ಟರ್ ಹತ್ತಿದ್ದರೂ ಕಾನೂನಿನ ಲೆಕ್ಕದಲ್ಲಿ ಲೈಸೆನ್ಸ್ ಇಲ್ಲದವನೇ. ಹದಿನೇಳು ತಿಂಗಳು ಕೋಲಾರ ಎಪಿಎಂಸಿಗೆ, ವಡ್ಡಹಳ್ಳಿ ಮಾರ್ಕೆಟ್ಟಿಗೆ, ನಂಗಲಿ ತನಕ ರಾಜಾರೋಷವಾಗಿ ಓಡಾಡಿದ್ದೇನೆ. ಹುಡುಗನಿಗೆ ಬುದ್ಧಿ ಹೇಳೋಕೆ ಬಂದವನ ಜೇಬಿನಲ್ಲೂ ಸತ್ತ ಕಾರ್ಡು.

ಮುಗಿದು ಒಂದು ವರ್ಷದ ಒಳಗೆ ಹೋದರೆ ಟೆಸ್ಟ್ ಇಲ್ಲದೇ ರಿನೀವಲ್ ಆಗುತ್ತೆ. ವರ್ಷ ದಾಟಿದರೆ ಮತ್ತೆ ಟೆಸ್ಟ್ ಕೊಡಬೇಕು. ಮುಂಚೆ ಮುಗಿದ ಮೇಲೂ ಮೂವತ್ತು ದಿನ ವಿನಾಯಿತಿ ಇತ್ತು, 2019ರ ತಿದ್ದುಪಡಿಯಲ್ಲಿ ಅದನ್ನೂ ತೆಗೆದರು. ಬದಲಿಗೆ ಮುಗಿಯೋಕೆ ಒಂದು ವರ್ಷ ಮೊದಲೇ ರಿನೀವಲ್‌ಗೆ ಹಾಕಬಹುದು. ನಲವತ್ತು ದಾಟಿದವರಿಗೆ ಡಾಕ್ಟರ ಸರ್ಟಿಫಿಕೇಟ್ ಬೇಕು. ಐವತ್ತೈದು ದಾಟಿದ ಮೇಲೆ ಐದೈದು ವರ್ಷಕ್ಕೆ ಮಾತ್ರ ಕೊಡ್ತಾರೆ. ನಮ್ಮ ವಯಸ್ಸಿನ ಎಷ್ಟು ಜನರ ಕಾರ್ಡು ಹೀಗೆ ಸತ್ತು ಜೇಬಿನಲ್ಲಿದೆಯೋ ದೇವರಿಗೇ ಗೊತ್ತು.

ಹೀಗೆ 56ನೇ ವಯಸ್ಸಿನಲ್ಲಿ ತಮ್ಮನ ಮಗನ ಜೊತೆ ನಾನೂ ಟೆಸ್ಟ್‌ಗೆ ನಿಂತೆ. ಎಲ್‌ಎಲ್‌ಆರ್ ಆಗಿ ಮೂವತ್ತು ದಿನ ಕಳೆದಮೇಲೆ ಅವನದು ಟೆಸ್ಟ್, ಅದೇ ದಿನ ನನ್ನದೂ. ಅವನು ಡ್ರೈವಿಂಗ್ ಸ್ಕೂಲ್ ಕಾರಿನಲ್ಲಿ ಒಂದೇ ಸಲಕ್ಕೆ ಪಾಸು. ನಾನು ಇಂಡಿಕೇಟರ್ ಹಾಕೋದು ಮರೆತು ಕೈ ಹೊರಗೆ ಹಾಕಿ ತೋರಿಸಿದೆ. ಸಾಹೇಬರು ನಕ್ಕು, "ಯಜಮಾನ್ರೇ, ಗಾಡಿಯಲ್ಲಿ ಲೈಟ್ ಇದೆ" ಅಂದ್ರು. ಪಾಸ್ ಮಾಡಿದರು.

ವಾಪಸ್ ಬರುವಾಗ ಒಂದು ವಿಷಯ ತಲೆ ಕೊರೆಯೋಕೆ ಶುರುವಾಯ್ತು. ಹುಡುಗನಿಗೆ ಈಗ ಕಾನೂನು ಪ್ರಕಾರ ಟ್ರೈಲರ್ ಎಳೆಯೋ ಹಕ್ಕು ಬಂತು. ಆದರೆ ಟೆಸ್ಟ್‌ನಲ್ಲಿ ಟ್ರೈಲರ್ ಇರಲೇ ಇಲ್ಲ! ಇಂಗ್ಲೆಂಡಿನಲ್ಲಿರೋ ನಮ್ಮಕ್ಕನ ಮಗನಿಗೆ ಫೋನಿನಲ್ಲಿ ಹೇಳಿದೆ. ಅಲ್ಲಿ ಜನ ಮನೆ ತರದ ಗಾಡಿಯನ್ನ ಕಾರಿನ ಹಿಂದೆ ಕಟ್ಕೊಂಡು ಪ್ರವಾಸ ಹೋಗ್ತಾರಂತೆ. 1997ರಿಂದ ಈಚೆಗೆ ಕಾರ್ ಟೆಸ್ಟ್ ಪಾಸಾದವರು ಭಾರಿ ಟ್ರೈಲರ್ ಎಳೀಬೇಕಾದರೆ ಬೇರೆ ಟೆಸ್ಟ್ ಕೊಡಬೇಕಿತ್ತಂತೆ. ಟ್ರೈಲರ್ ಕಟ್ಟೋದು, ಬಿಚ್ಚೋದು, ರಿವರ್ಸ್ ಹೊಡೆಯೋದು ಎಲ್ಲಾ ಮಾಡಿ ತೋರಿಸಬೇಕು. 2021ರ ಡಿಸೆಂಬರ್‌ನಲ್ಲಿ ಅದನ್ನ ತೆಗೆದು, 3,500 ಕೆಜಿ ತನಕ ಕಾರ್ ಲೈಸೆನ್ಸ್ ಸಾಕು ಅಂದರಂತೆ. ನಮ್ಮ ಟೊಮೆಟೊ ಬಾಕ್ಸು 15 ಕೆಜಿ ಲೆಕ್ಕಕ್ಕೆ 200 ಬಾಕ್ಸ್ ಹೇರಿದರೇ 3,000 ಕೆಜಿ. ಮೇಲೆ ಟ್ರೈಲರ್ ತೂಕ. ಅವರ ಮಿತಿ ದಾಟಿದ ಭಾರವನ್ನ ನಾವು ದಿನಾ ಎಳೀತಿದ್ದೇವೆ, ಯಾರೂ ಟೆಸ್ಟ್ ಮಾಡಿಲ್ಲ.

ಅದಕ್ಕೇ ಆ ಟೆಸ್ಟ್ ನಾನೇ ಮಾಡಿದೆ. ಸುಗ್ಗಿ ಮುಗಿದ ಮೇಲೆ ಒಣಗಿದ ಕೆರೆ ಅಂಗಳದಲ್ಲಿ ಹದಿನೈದು ದಿನ, ಖಾಲಿ ಟ್ರೈಲರ್ ಕಟ್ಟಿ, ಬೇಲಿಕಂಬ ನೆಟ್ಟು. ಎರಡು ಚಕ್ರದ ಟ್ರೈಲರ್ ರಿವರ್ಸ್‌ನಲ್ಲಿ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಮೊದಲು ಬಲಕ್ಕೆ ತಿರುಗಿಸಬೇಕು, ಇದು ಕೈಗೆ ಕೂರೋಕೇ ಐದು ದಿನ ಹಿಡೀತು. ತಿರುವಿನಲ್ಲಿ ಒಳಗಡೆ ಕಂಬ ಎಷ್ಟು ಸಲ ಬೀಳಿಸಿದ ಅಂತ ಎಣಿಸಿದೆ. ಮೊದಲ ದಿನ ಹನ್ನೊಂದು. ಒಂದೊಂದು ಕಂಬ ಬಿದ್ದಾಗಲೂ ಇಬ್ಬರೂ ಮಾತಾಡ್ತಿರಲಿಲ್ಲ. ಕೊನೇ ದಿನ ಒಂದೂ ಬೀಳಲಿಲ್ಲ. ಆಮೇಲೆ ಭಾರ ಹೇರಿ ಇಳಿಜಾರಿನಲ್ಲಿ ಅಭ್ಯಾಸ. ನಮ್ಮ ಟ್ರೈಲರ್‌ಗೆ ಬ್ರೇಕ್ ಇಲ್ಲ, ಇಳಿಜಾರಿನಲ್ಲಿ ಅದು ಟ್ರ್ಯಾಕ್ಟರನ್ನೇ ತಳ್ಳುತ್ತೆ. ಇಳಿಯೋಕೆ ಮೊದಲೇ ಸಣ್ಣ ಗೇರ್‌ಗೆ ಬರಬೇಕು. ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಮಾಡಿದರೆ ಕಥೆ ಮುಗೀತು.

ಕೀ ಕೊಡೋ ಮೊದಲು ನಾನೀಗ ನೋಡೋದು ಇಷ್ಟು:

1. ಓಡಿಸೋನ ಡಿಎಲ್‌ನಲ್ಲಿ ಎಲ್‌ಎಂವಿ ಇದೆಯಾ, ದಿನಾಂಕ ಚಾಲ್ತಿಯಲ್ಲಿದೆಯಾ. ಬಾಯಿ ಮಾತು ಬೇಡ, ಕಾರ್ಡು ನೋಡಿ. ಲೈಸೆನ್ಸ್ ಇಲ್ಲದವನಿಗೆ ಕೊಟ್ಟರೆ ಅವನಿಗೂ ದಂಡ, ಮಾಲೀಕನಿಗೂ ದಂಡ. ಕಾಯ್ದೆಯಲ್ಲಿ ತಲಾ 5,000 ರೂಪಾಯಿ ಇದೆ. ಹದಿನೆಂಟು ತುಂಬದವನಾದರೆ ದೊಡ್ಡವರಿಗೆ 25,000 ರೂಪಾಯಿ ದಂಡ, ಮೂರು ವರ್ಷದ ತನಕ ಜೈಲು, ಆ ಹುಡುಗನಿಗೆ ಇಪ್ಪತ್ತೈದು ತುಂಬೋ ತನಕ ಲೈಸೆನ್ಸೇ ಇಲ್ಲ.

2. ಟ್ರೈಲರ್ ನೋಂದಣಿ, ಪಾಲಿಸಿಯಲ್ಲಿ ಟ್ರೈಲರ್ ನಂಬರ್.

3. ಎರಡು ಬ್ರೇಕ್ ಪೆಡಲ್ ಸೇರಿಸೋ ಲಾಕ್. ಹೊಲದಲ್ಲಿ ಬಿಚ್ಚಿರ್ತೀವಿ, ರಸ್ತೆಗೆ ಬರುವಾಗ ಹಾಕೋದು ಮರೀತೀವಿ. ಸ್ಪೀಡಿನಲ್ಲಿ ಒಂದೇ ಕಡೆ ಬ್ರೇಕ್ ಬಿದ್ದರೆ ಟ್ರ್ಯಾಕ್ಟರ್ ಮಗುಚುತ್ತೆ.

4. ಟ್ರೈಲರ್ ಪಿನ್‌ಗೆ ಕೆಳಗಡೆ ಲಾಕ್ ಇದೆಯಾ.

5. ಹಿಂದೆ ಲೈಟು, ಕೆಂಪು ರಿಫ್ಲೆಕ್ಟರ್ ಪಟ್ಟಿ. ಆವತ್ತು ನಮ್ಮ ಟ್ರೈಲರ್‌ಗೆ ಎರಡೂ ಇರಲಿಲ್ಲ.

ಆ ಹಿರಿಯರು ಈಗ ಕೋಲು ಹಿಡಿದು ಓಡಾಡ್ತಾರೆ. ಅವರ ಹಸುಗಳ ಹಾಲನ್ನ ಡೈರಿಗೆ ಹಾಕಿ ಬರೋದು ನಮ್ಮ ಹುಡುಗನೇ, ಜೂನ್‌ನಿಂದ ಇವತ್ತಿನ ತನಕ ಒಂದು ದಿನ ತಪ್ಪಿಸಿಲ್ಲ. ಯುಗಾದಿ ದಿನ ಒಬ್ಬಟ್ಟು ತಗೊಂಡು ಅವರ ಮನೆಗೆ ಹೋಗಿದ್ದೆ. ಕೇಸಿನ ಮಾತು ಇಬ್ಬರೂ ಎತ್ತಲಿಲ್ಲ. ಹೊರಡುವಾಗ, "ಹುಡುಗನಿಗೆ ಕಾರ್ಡು ಬಂತಂತೆ?" ಅಂತ ಕೇಳಿದರು. ಬಂತು ಅಂದೆ. "ಒಳ್ಳೇದಾಯ್ತು. ಆ ಮೂಲೆಯಲ್ಲಿ ಮಾತ್ರ ನಿಧಾನ ಹೋಗೋಕೆ ಹೇಳಿ" ಅಂದ್ರು.

ಇದನ್ನ ಓದಿದವರು ಈಗಲೇ ಜೇಬಿಂದ ಕಾರ್ಡು ತೆಗೆದು ದಿನಾಂಕ ನೋಡಿ. ಮುಗಿದಿದ್ದರೆ ನಾಚಿಕೆ ಬೇಡ, ಕೆಳಗೆ ಬರೆಯಿರಿ. ಬರೋ ಸೋಮವಾರ ನಾನು ಕೋಲಾರಕ್ಕೆ ಹೋಗ್ತಿದ್ದೇನೆ, ಜೊತೆಗೆ ಹೋಗೋಣ.