ದೀಪವಿಲ್ಲದ ಊರಿನ ದಾರಿ

ಸೆಪ್ಟೆಂಬರ್ ಕೊನೆಯ ವಾರಕ್ಕೆ ಕೊಲರಾಡೊದ ಸ್ಯಾನ್ ಹ್ವಾನ್ ಬೆಟ್ಟಗಳಲ್ಲಿ ಆಸ್ಪೆನ್ ಮರಗಳು ಹಳದಿಯಾಗುತ್ತವೆ. ಅರಿಶಿನ ಕಲಸಿ ಬೆಟ್ಟಕ್ಕೇ ಬಳಿದ ಹಾಗೆ! ಎಲೆಯ ತೊಟ್ಟು ಚಪ್ಪಟೆಯಾದ್ದರಿಂದ ಸಣ್ಣ ಗಾಳಿಗೂ ಮರಕ್ಕೆ ಮರವೇ ನಡುಗುತ್ತದೆ, ನಮ್ಮ ಅರಳಿ ಮರದಂತೆ. ಅರಳಿಕಟ್ಟೆಯ ಮೇಲೆ ಕೂತು ಬೆಳೆದವನಿಗೆ ಆ ಸದ್ದು ಕೇಳಿದರೆ ಪರದೇಶ ಅನ್ನಿಸುವುದಿಲ್ಲ.

ಜೀಪು ಅಕ್ಕನ ಮಗನ ಕೈಯಲ್ಲಿತ್ತು. ಸಿಲ್ವರ್ಟನ್, ಯೂರೇ, ಲೇಕ್ ಸಿಟಿಗಳನ್ನು ಸುತ್ತಿ ಬರುವ ಆಲ್ಪೈನ್ ಲೂಪ್ ಸುಮಾರು 65 ಮೈಲಿಯ ದಾರಿ. ಬಹುಪಾಲು ಕಲ್ಲುಮಣ್ಣಿನದು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಂದರ. ಎದುರಿಗೆ ಗಾಡಿ ಬಂದರೆ ಇಳಿಯುವವರು ನಿಂತು ಹತ್ತುವವರಿಗೆ ಜಾಗ ಬಿಡಬೇಕು. “ಇಳಿಯೋವಾಗ ಬ್ರೇಕ್ ಒತ್ತುತ್ತಾನೇ ಇರಬಾರದು ಮಾವ, ಲೋ ಗೇರಿಗೆ ಹಾಕಿದರೆ ಎಂಜಿನ್ನೇ ಗಾಡೀನ ಹಿಡ್ಕೊಳ್ಳುತ್ತೆ” ಎಂದ. ಈ ದಾರಿಯನ್ನು ಯಾರೂ ಮೋಜಿಗೆಂದು ಕಡಿದದ್ದಲ್ಲ. ಹೇಸರಗತ್ತೆಗಳೂ ಬಂಡಿಗಳೂ ಅದಿರು ಹೊತ್ತು ಇಳಿದ ದಾರಿ ಇದು. ಅದಕ್ಕೂ ಮೊದಲು ಇವು ಮೂಲನಿವಾಸಿಗಳಾದ ಯೂಟ್ ಜನರ ಬೆಟ್ಟಗಳು; 1873ರ ಬ್ರೂನೋ ಒಪ್ಪಂದದಲ್ಲಿ ಅವರ ಕೈತಪ್ಪಿದವು. ಆ ಮಾತು ಬಿಟ್ಟು ಇಲ್ಲಿನ ಗಣಿಗಳ ಕಥೆ ಹೇಳುವುದು ಸರಿಯಲ್ಲ.

ಸಿಲ್ವರ್ಟನ್‌ನಿಂದ ಹನ್ನೆರಡು ಮೈಲಿ ಹತ್ತಿದರೆ ಅನಿಮಾಸ್ ಫೋರ್ಕ್ಸ್. ಸಮುದ್ರಮಟ್ಟದಿಂದ ಸುಮಾರು 11,200 ಅಡಿ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು ಎತ್ತರದಲ್ಲಿ ಒಂದು ಊರು. ನಾಲ್ಕು ಹೆಜ್ಜೆಗೆ ಉಸಿರು ಕಟ್ಟುತ್ತದೆ. ಬಿಸಿಲಿಗೂ ಹಿಮಕ್ಕೂ ಕಪ್ಪಿಟ್ಟ ಹಲಗೆಯ ಮನೆಗಳು ಅಲ್ಲೊಂದು ಇಲ್ಲೊಂದು ನಿಂತಿವೆ. 1879ರಲ್ಲಿ ಕಟ್ಟಿದ ಡಂಕನ್ ಮನೆಗೆ ಮುಂಚಾಚಿದ ಚಂದದ ಕಿಟಕಿಯಿದೆ. ಆ ಕಿಟಕಿಯ ಬಳಿ ನಾನು ಬಹಳ ಹೊತ್ತು ನಿಂತಿದ್ದೆ. ಇಷ್ಟು ಎತ್ತರಕ್ಕೆ ಹಲಗೆ, ಮೊಳೆ, ಗಾಜು ಹೊತ್ತು ತಂದು ಮನೆ ಕಟ್ಟಿದವರು ಕಿಟಕಿಯ ಅಂದವನ್ನೂ ಮರೆಯಲಿಲ್ಲವಲ್ಲ! ನಾಲ್ಕು ದಿನ ದುಡಿದು ಓಡಿಹೋಗಲು ಬಂದವರು ಹಾಗೆ ಕಟ್ಟುವುದಿಲ್ಲ.

ಇಂಥ ಊರುಗಳಿಗೆ ಅಮೆರಿಕದವರು ಭೂತದ ಹೆಸರು ಅಂಟಿಸಿದ್ದಾರೆ. ನನಗೆ ಅದು ಹಿಡಿಸುವುದಿಲ್ಲ. ನಮ್ಮ ಕಂದಾಯದ ಕಡತಗಳಲ್ಲಿ ಜನ ಬಿಟ್ಟುಹೋದ ಹಳ್ಳಿಗೆ ‘ಬೇಚರಾಕ್ ಗ್ರಾಮ’ ಎಂದು ಬರೆಯುತ್ತಾರೆ. ಪಾರ್ಸಿ ಮೂಲದ ಮಾತು. ಚಿರಾಗ್ ಇಲ್ಲದ್ದು, ದೀಪವಿಲ್ಲದ್ದು ಎಂದರ್ಥ. ಶಾನುಭೋಗರ ಲೇಖನಿಗೆ ಒದಗಿದ ಈ ಮಾತು ಆ ಖಾಲಿ ಮನೆಗಳಿಗೆ ಎಷ್ಟು ಒಪ್ಪುತ್ತದೆ!

ಈ ಊರಿನ ದೀಪ ಒಂದೇ ರಾತ್ರಿಗೆ ಆರಿದ್ದಲ್ಲ. 1883ರಲ್ಲಿ ಇಲ್ಲಿ 450 ಜನರಿದ್ದರು. ಚಳಿಗಾಲ ಬಂತೆಂದರೆ ಹೆಚ್ಚಿನವರು ಸಿಲ್ವರ್ಟನ್‌ಗೆ ಇಳಿಯುತ್ತಿದ್ದರು. 1884ರಲ್ಲಿ 23 ದಿನ ಹಿಮ ಸುರಿದಾಗ ಉಳಿದವರು ಮನೆಯಿಂದ ಮನೆಗೆ ಹಿಮದೊಳಗೇ ಸುರಂಗ ತೋಡಿ ಓಡಾಡಿದರಂತೆ. ಅಂಥ ಚಳಿಯನ್ನೂ ತಡೆದುಕೊಂಡ ಬೆಟ್ಟದ ಜನರಿಗೆ ತಡೆಯಲಾಗದ ಪೆಟ್ಟು ಬಿದ್ದದ್ದು ಬಹಳ ದೂರದಿಂದ.

ನನ್ನ ಅಜ್ಜಿಯ ಪೆಟ್ಟಿಗೆಯಲ್ಲಿ ರಾಣಿ ಛಾಪಿನ ಬೆಳ್ಳಿ ರೂಪಾಯಿಗಳಿದ್ದವು. ಹಬ್ಬದ ದಿನ ಹುಣಸೆಹಣ್ಣು ಹಚ್ಚಿ ತಿಕ್ಕಿ ದೇವರ ಮುಂದೆ ಇಡುತ್ತಿದ್ದಳು. ಆ ರಾಣಿಯ ಕಾಲದಲ್ಲಿ ಯಾರು ಬೇಕಾದರೂ ಬೆಳ್ಳಿ ಗಟ್ಟಿ ಒಯ್ದು ಕಲ್ಕತ್ತೆಯ ಅಥವಾ ಬೊಂಬಾಯಿಯ ಟಂಕಸಾಲೆಯಲ್ಲಿ ರೂಪಾಯಿ ಅಚ್ಚು ಹಾಕಿಸಿಕೊಳ್ಳಬಹುದಿತ್ತು. 1893ರ ಜೂನ್ 26ರಂದು ಬ್ರಿಟಿಷ್ ಸರ್ಕಾರ ಆ ಬಾಗಿಲು ಮುಚ್ಚಿತು. ಕೆಲವೇ ದಿನಗಳಲ್ಲಿ ಬೆಳ್ಳಿಯ ಬೆಲೆ ಕುಸಿದು ಕೊಲರಾಡೊದ ಬೆಳ್ಳಿ ಗಣಿಗಳು ಒಂದರ ಹಿಂದೊಂದು ಕದ ಹಾಕಿದವು. ಅದೇ ನವೆಂಬರಿನಲ್ಲಿ ಅಮೆರಿಕ ಸರ್ಕಾರವೂ ತಾನು ಬೆಳ್ಳಿ ಕೊಳ್ಳುತ್ತಿದ್ದ ಕಾಯಿದೆಯನ್ನು ರದ್ದು ಮಾಡಿತು. ಕಲ್ಕತ್ತೆಯಲ್ಲಿ ಯಂತ್ರ ನಿಂತರೆ ಇಲ್ಲಿ ಒಲೆ ಆರಿತು! ಅಜ್ಜಿಯ ರೂಪಾಯಿಗೂ ಈ ಬೆಟ್ಟಗಳಿಗೂ ಇಂಥ ನಂಟಿದೆಯೆಂದು ತಿಳಿದ ಮೇಲೆ ಆ ಮನೆಗಳನ್ನು ಬರಿಯ ನೋಟವೆಂದು ನೋಡಲು ನನ್ನಿಂದಾಗಲಿಲ್ಲ.

ಅನಿಮಾಸ್ ಫೋರ್ಕ್ಸ್‌ಗೆ ಬಂಗಾರದ ಆಸೆಯಿಂದ ಇನ್ನೊಮ್ಮೆ ಜೀವ ಬಂತು. 1904ರಲ್ಲಿ ರೈಲು ಹತ್ತಿಬಂತು, ಗೋಲ್ಡ್ ಪ್ರಿನ್ಸ್ ಎಂಬ ಅದಿರಿನ ಗಿರಣಿ ಎದ್ದಿತು. 1910ಕ್ಕೆ ಗಿರಣಿ ನಿಂತಿತು. 1917ರಲ್ಲಿ ಅದನ್ನು ಬಿಚ್ಚಿ ಕೆಳಗಿನ ಯುರೇಕಾಕ್ಕೆ ಸಾಗಿಸಿದರು. ಆಮೇಲೆ ಊರು ಪೂರ್ತಿ ಖಾಲಿ.

ದೀಪದ ಮಾತಿಗೆ ಇನ್ನೊಂದು. ಇದೇ ಬೆಟ್ಟಸಾಲಿನ ಪಶ್ಚಿಮದಲ್ಲಿ, ಟೆಲ್ಯುರೈಡ್ ಹತ್ತಿರ, ಏಮ್ಸ್ ಎಂಬಲ್ಲಿ 1891ರಲ್ಲಿ ನೀರಿನಿಂದ ಎಸಿ ವಿದ್ಯುತ್ ತೆಗೆದು ಸುಮಾರು 4 ಕಿಲೋಮೀಟರ್ ದೂರದ ಗಣಿಗೆ ಕೊಟ್ಟರು. ಹನ್ನೊಂದೇ ವರ್ಷಕ್ಕೆ, 1902ರಲ್ಲಿ, ನಮ್ಮ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗೆ ತಲುಪಿತು. ಆ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿದರೂ ಕೆಜಿಎಫ್ ಬೇಚರಾಕ್ ಆಗಲಿಲ್ಲ. ಜನ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿನಲ್ಲಿ ದುಡಿದು ರಾತ್ರಿ ಬಂದು ಮನೆಯ ದೀಪ ಹಾಕುತ್ತಾರೆ. ಅವರ ಆ ಛಲಕ್ಕೆ ನಾನು ತಲೆಬಾಗುತ್ತೇನೆ.

ಗಣಿ ಬಿಟ್ಟುಹೋದದ್ದು ಮಾತ್ರ ಎರಡೂ ಕಡೆ ಇದೆ: ಕೋಲಾರದಲ್ಲಿ ಸೈನೈಡ್ ದಿಬ್ಬಗಳು, ಈ ಬೆಟ್ಟಗಳಲ್ಲಿ ಕಲ್ಲುಪುಡಿಯ ರಾಶಿಗಳು ಮತ್ತು ಸುರಂಗಗಳಿಂದ ಸೋರುವ ಕೆಂಚುನೀರು. 2015ರ ಆಗಸ್ಟ್ 5ರಂದು ಗೋಲ್ಡ್ ಕಿಂಗ್ ಎಂಬ ಹಳೆ ಗಣಿಯ ನೀರು ನುಗ್ಗಿ ಅನಿಮಾಸ್ ನದಿಗೆ ನದಿಯೇ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು.

ಹೋಗುವುದಿದ್ದರೆ ಎಲೆ ಉದುರುವ ಮೊದಲು ಹೋಗಿ. ಅಕ್ಟೋಬರಿನಲ್ಲಿ ಯಾವ ದಿನ ಬೇಕಾದರೂ ಹಿಮ ಬಿದ್ದು ದಾರಿ ಮುಚ್ಚಬಹುದು. ಚಕ್ರದ ಜಾಡು ಬಿಟ್ಟು ಹುಲ್ಲಿನ ಮೇಲೆ ಗಾಡಿ ಹತ್ತಿಸಬೇಡಿ. ಆ ಎತ್ತರದಲ್ಲಿ ತುಳಿದ ಹುಲ್ಲು ಮತ್ತೆ ಚಿಗುರಲು ವರ್ಷಗಳೇ ಬೇಕು. ಸುರಂಗದೊಳಗೆ ಕಾಲಿಡಬೇಡಿ. ಆ ಮನೆಗಳಿಂದ ತುಕ್ಕು ಹಿಡಿದ ಒಂದು ಮೊಳೆಯನ್ನೂ ಎತ್ತಿಕೊಳ್ಳಬೇಡಿ.