ಮಳೆನಕ್ಷತ್ರಗಳ ಬಾಲಪಾಠ

ಮೂರರಿಂದ ಆರು ವರ್ಷದೊಳಗಿನ ಮಕ್ಕಳಿಗೆ ಮನೆಯಲ್ಲಿಯೇ ಋತುಮಾನಕ್ಕೆ ಅನುಗುಣವಾದ ಪಾಠಗಳನ್ನು ಹವಣಿಸಬೇಕೆಂದು ಹೊರಟ ತಂದೆತಾಯಿಗಳು ಸಾಮಾನ್ಯವಾಗಿ ಮೊದಲು ಕೊಂಡುತರುವುದು ಅಂಗಡಿಯ ಬಣ್ಣದ ಗೋಡೆಪಟವನ್ನು. ಅದರಲ್ಲಿ ವರ್ಷವು ನಾಲ್ಕು ಸಮಭಾಗಗಳಾಗಿ ಒಡೆದು, ಒಂದರಲ್ಲಿ ಹೂವು, ಒಂದರಲ್ಲಿ ಸೂರ್ಯ, ಒಂದರಲ್ಲಿ ಉದುರುವ ಕೆಂಪೆಲೆ, ಕೊನೆಯದರಲ್ಲಿ ಹಿಮದ ಬೊಂಬೆ ಚಿತ್ರಿತವಾಗಿರುತ್ತವೆ. ಕಾಣದುದನ್ನು ಕಲ್ಪಿಸಿಕೊಳ್ಳುವುದು ಬಾಲ್ಯದ ಹಕ್ಕಾದುದರಿಂದ ಬೀದರಿನ ಕೂಸು ಹಿಮದ ಚಿತ್ರವನ್ನು ನೋಡಬಾರದೆಂದು ನಾನು ಹೇಳಲಾರೆ. ಆದರೆ ಹೊರಗೆ ಮಿರಗದ ಮೋಡ ಕವಿದು, ನೆನೆದ ನೆಲದ ವಾಸನೆಯು ಪಡಸಾಲೆಯವರೆಗೂ ಬರುತ್ತಿರುವಾಗ ಒಳಗೆ ಮಗುವು ಪಟದ ಸೇಬಿಗೆ ಬಣ್ಣ ತುಂಬುತ್ತ ಕುಳಿತಿದ್ದರೆ, ಕಣ್ಣು, ಮೂಗು, ಬೆರಳುಗಳೆಲ್ಲವೂ ಏಕಕಾಲದಲ್ಲಿ ಕಲಿಯಬಹುದಾಗಿದ್ದ ಅಮೂಲ್ಯವಾದ ಒಂದು ಪಕ್ಷವು ವ್ಯರ್ಥವಾಯಿತೆಂದೇ ನನಗೆ ವ್ಯಥೆಯಾಗುತ್ತದೆ.

ನಮ್ಮ ಒಕ್ಕಲುಮಕ್ಕಳು ವರ್ಷವನ್ನು ವಿಭಾಗಿಸಿಕೊಂಡಿರುವ ಕ್ರಮವು ಈ ಕಾರ್ಯಕ್ಕೆ ಹೇಳಿ ಮಾಡಿಸಿದಂತಿದೆ. ಸೂರ್ಯನು 27 ನಕ್ಷತ್ರಗಳಲ್ಲಿ ಒಂದೊಂದನ್ನೂ 13–14 ದಿನಗಳಲ್ಲಿ ದಾಟುವನೆಂಬ ಲೆಕ್ಕದ ಮೇಲೆ ಅವರು ಮಳೆಗಳನ್ನು ರೋಹಿಣಿ, ಮಿರಗ, ಆರಿದ್ರಾ, ಪುಷ್ಯ, ಮಘಾ, ಹುಬ್ಬಾ, ಉತ್ತರಾ, ಹಸ್ತ ಎಂದು ಹೆಸರಿಸಿ ಕರೆಯುತ್ತಾರೆ. ಒಂದು ವಸ್ತುವನ್ನು ಮುಟ್ಟಿ, ಕೆಡಿಸಿ, ಮರೆತು, ಮತ್ತೆ ತಾನಾಗಿಯೇ ಅದರ ಬಳಿಗೆ ಬರುವುದಕ್ಕೆ ನಾಲ್ಕು ವರ್ಷದ ಮಗುವಿಗೆ ವಾರವು ಸಾಲದು, ತಿಂಗಳು ಹೆಚ್ಚಾಗುತ್ತದೆ. ಮಳೆನಕ್ಷತ್ರದ ಅವಧಿಯು ಅದರ ಮನಸ್ಸಿನ ನಡಿಗೆಗೆ ಸರಿಹೊಂದುವುದನ್ನು ನಾನು ನನ್ನ ಮೊಮ್ಮಗಳಲ್ಲಿ ಕಂಡಿದ್ದೇನೆ. ಆದುದರಿಂದ ನಮ್ಮ ಮನೆಯ ಪಾಠದ ವರ್ಷವು ಜೂನ್ ತಿಂಗಳ ಮಿರಗದಿಂದ ಆರಂಭವಾಗುತ್ತದೆ. ವಹಿಯಲ್ಲಿ ಒಂದೊಂದು ಮಳೆಯ ಹೆಸರಿನ ಎದುರಿಗೆ ಒಂದು ವಸ್ತು, ಒಂದು ಸ್ಥಳ, ಬೆರಳುಗಳಿಗೆ ಒಂದು ಕೆಲಸ, ಇಷ್ಟನ್ನು ಮಾತ್ರ ಬರೆದು ಉಳಿದ ಪುಟವನ್ನು ಖಾಲಿ ಬಿಡುತ್ತೇನೆ.

ಮಿರಗದ ವಸ್ತು ಮಣ್ಣು. ಬೀದರ ನಗರವು ನೆಲೆಸಿರುವುದು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನ ಮೇಲೆ. ಕೋಟೆಯ ಕಂದಕವನ್ನು ಆ ಕಲ್ಲನ್ನೇ ಕಡಿದು ನಿರ್ಮಿಸಿದ್ದಾರೆ, ಬಿದರಿ ಕೆಲಸದವರು ಬೆಳ್ಳಿಯ ಕುಸುರಿಯ ಸುತ್ತಲಿನ ಲೋಹವನ್ನು ಕಪ್ಪೇರಿಸುವುದಕ್ಕೆ ಬಳಸುವುದೂ ಕೋಟೆಯೊಳಗಿನ ಮಣ್ಣನ್ನೇ. ಅಲ್ಲಿಂದ ಔರಾದದ ಕಡೆಗೆ ಹೊರಟರೆ ಕಣ್ಣಿಗೆ ಬೀಳುವುದು ಎರೆಹೊಲ. ತಳಕ್ಕೆ ತೂತು ಹಾಕಿದ ಎರಡು ಡಬ್ಬಿಗಳಲ್ಲಿ ಹಿತ್ತಲಿನ ಕೆಮ್ಮಣ್ಣನ್ನೂ ಔರಾದದ ಹೊಲದಿಂದ ತರಿಸಿದ ಎರೆಯನ್ನೂ ತುಂಬಿ, ಮೊಮ್ಮಗಳಿಂದ ಎರಡಕ್ಕೂ ಸಮನಾಗಿ ನೀರೆರೆಯಿಸಿದೆ. ಕೆಮ್ಮಣ್ಣಿನಿಂದ ನೀರು ಬೇಗನೆ ಇಳಿದು ಕೆಳಗಿನ ತಾಟಿಗೆ ಬಂದಿತು. ಎರೆಯು ಹೀರಿ, ಉಬ್ಬಿ, ಬಹಳ ಹೊತ್ತಿನವರೆಗೆ ಹನಿಯನ್ನೂ ಬಿಡಲಿಲ್ಲ. "ಮುತ್ಯಾ, ಕರಿ ಮಣ್ಣಿಗಿ ಬಾಳ ನೀರಡಿಕಿ ಆಗ್ಯಾದ" ಎಂದಳು. ಎರೆಯ ಅತಿಸೂಕ್ಷ್ಮ ಕಣಗಳು ನೀರನ್ನು ಹಿಡಿದು ಹಿಗ್ಗುವುದನ್ನು, ಒಣಗಿದಾಗ ಕುಗ್ಗಿ ಬಿರಿಯುವುದನ್ನು, ಆ ಹಿಡಿದಿಟ್ಟ ತೇವದಿಂದಲೇ ಹಿಂಗಾರಿಯ ಜೋಳವೂ ಕಡಲೆಯೂ ಬೆಳೆಯುವುದನ್ನು ಅವಳು ಮುಂದೆ ಪುಸ್ತಕದಲ್ಲಿ ಓದಿಕೊಳ್ಳುವಳು. ಅಂದಿಗೆ ನೀರಡಿಕೆಯೆಂಬ ಅವಳ ಮಾತೇ ಪರಿಪೂರ್ಣವಾದ ಉತ್ತರವಾಗಿತ್ತು, ಅದಕ್ಕೆ ನಾನು ಏನನ್ನೂ ಸೇರಿಸಲಿಲ್ಲ. ಅದೇ ಪಕ್ಷದಲ್ಲಿ, ಮೊದಲ ಮಳೆಯ ಬೆನ್ನಿಗೆ ನೆಲದಿಂದ ಹೊರಡುವ ಕೆಂಪು ಮಖಮಲ್ಲಿನಂಥ ಪುಟ್ಟ ಹುಳದ ಕಾಲುಗಳನ್ನು ಎಣಿಸಿ ಎಂಟೆಂದು ತಿಳಿದುಕೊಂಡಳು.

ನಮ್ಮ ಹಿರಿಯರ ಪಂಚಾಂಗದಲ್ಲಿ ಶಿಶುಶಿಕ್ಷಣದ ದೃಷ್ಟಿಯಿಂದ ನಾನು ಅತ್ಯಂತ ಗೌರವಿಸುವ ಭಾಗವೆಂದರೆ ಕಾರಹುಣ್ಣಿಮೆಗೂ ಮಣ್ಣೆತ್ತಿನ ಅಮಾವಾಸ್ಯೆಗೂ ನಡುವಿನ ಹದಿನೈದು ದಿನಗಳು. ಹುಣ್ಣಿಮೆಯಂದು ಮಗುವು ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಜೂಲ ಹೊದಿಸಿದ ಜೀವಂತ ಎತ್ತನ್ನು ನೋಡುತ್ತದೆ. ಅಮಾವಾಸ್ಯೆಯಂದು ಅದೇ ಎತ್ತನ್ನು ಸ್ಮರಣೆಯಿಂದ ಮಣ್ಣಿನಲ್ಲಿ ಮಾಡುತ್ತದೆ. ಮೊದಲು ನೋಟ, ಅನಂತರ ಧಾರಣೆ, ಆಮೇಲೆ ಕೃತಿ: ಯಾವ ಶಿಕ್ಷಣಶಾಸ್ತ್ರಜ್ಞನಾದರೂ ಇದಕ್ಕಿಂತ ಉತ್ತಮವಾದ ಅನುಕ್ರಮವನ್ನು ಹೇಗೆ ರಚಿಸಿಯಾನು? ಕೆಮ್ಮಣ್ಣಿನ ಎತ್ತು ಕಾಲ ಮೇಲೆ ನಿಲ್ಲಲಿಲ್ಲ; ಎರೆಯ ಎತ್ತು ನಿಂತಿತಾದರೂ ಬಿಸಿಲಿನಲ್ಲಿ ಬಿರಿಯಿತು; ಎರೆಗೆ ಸ್ವಲ್ಪ ಕೆಮ್ಮಣ್ಣನ್ನು ಬೆರೆಸೋಣವೆಂಬ ಉಪಾಯವು ಅವಳದೇ. ಔರಾದದ ಸೀಮೆಯಲ್ಲಿ ಸಾಕುವ ದೇವಣಿ ತಳಿಯ ಬಿಳಿಯ ಮೈಮೇಲಿನ ಕರಿಯ ಮಚ್ಚೆಗಳನ್ನು ಮರೆಯದೆ, ಸುಣ್ಣ ಬಳಿದು ಇದ್ದಲಿನಿಂದ ಗುರುತು ಹಾಕಿದಳು.

ಮಕ್ಕಳ ಕೈಗೆ ತಮ್ಮ ನೆಲದ ವಸ್ತುಗಳನ್ನೇ ಕೊಡಬೇಕೆಂಬ ಈ ವಿಚಾರವು ಹೊಸದೇನೂ ಅಲ್ಲ. ತಾರಾಬಾಯಿ ಮೋಡಕ್ ಅವರೂ ಅನುತಾಯಿ ವಾಘ್ ಅವರೂ 1945ರಲ್ಲಿ ಬೋರ್ಡಿಯಲ್ಲಿಯೂ 1957ರಿಂದ ಕೋಸಬಾಡದ ಗುಡ್ಡದ ಮೇಲೆಯೂ, ಮಾಂಟೆಸರಿ ಪದ್ಧತಿಯ ಬೆಲೆಬಾಳುವ ಉಪಕರಣಗಳ ಬದಲಿಗೆ ಎಲೆ, ಬೀಜ, ಚಿಪ್ಪು, ಬೆಣಚುಕಲ್ಲುಗಳಿಂದ ಬಡಮಕ್ಕಳಿಗೆ ಅದೇ ಇಂದ್ರಿಯಶಿಕ್ಷಣವನ್ನು ದೊರಕಿಸಿದರು. ನಮ್ಮಲ್ಲಿ ಹೆಸರು, ಉದ್ದುಗಳು ಮನೆಗೆ ಬರುವ ಕಾಲದಲ್ಲಿ ಮೊರದ ಮುಂದೆ ಕುಳಿತ ಮಗುವು ಹಸಿರು ಕಾಳನ್ನೂ ಕರಿಯ ಕಾಳನ್ನೂ ಬೇರ್ಪಡಿಸುವುದು ಅಂತಹುದೇ ಪಾಠ.

ಹಬ್ಬಗಳನ್ನು ಋತುಗಳಿಗೆ ಕಟ್ಟಿಹಾಕುವವರು ಬೀದರದಂತಹ ಊರಿನಲ್ಲಿ ಇನ್ನೊಂದು ವಿಷಯವನ್ನು ನೆನೆಯಬೇಕು. ಓಣಿಯ ಗೆಳತಿಯರ ಮನೆಯ ಈದ್ ಶುದ್ಧ ಚಾಂದ್ರಮಾನದ ಹಬ್ಬವಾದುದರಿಂದ ವರ್ಷಕ್ಕೆ ಸುಮಾರು 11 ದಿನ ಮುಂದಾಗಿ ಬರುತ್ತ, 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ. ಅದನ್ನು ಬೇಸಗೆಯ ಪುಟದಲ್ಲಾಗಲಿ ಮಳೆಗಾಲದ ಪುಟದಲ್ಲಾಗಲಿ ಬರೆಯಲಾಗದು. ನಾನು ಅದನ್ನು ಚಂದ್ರನ ಪಾಠವೆಂದು ಬೇರೆಯಾಗಿ ಇರಿಸಿದ್ದೇನೆ. ಗೆಳತಿಯರೆಲ್ಲ ಮಾಳಿಗೆಯ ಮೇಲೆ ನಿಂತು ಎಳೆಯ ಚಂದ್ರನನ್ನು ಹುಡುಕುವುದೇ ಆ ಪಾಠ.

ಎಳ್ಳಮಾವಾಸ್ಯೆಗೆ ನಾವು ಭಾಲ್ಕಿಯ ಬೀಗರ ಹೊಲಕ್ಕೆ ಹೋಗುತ್ತೇವೆ. ಹಿಂದಿನ ದಿನವಿಡೀ ಬಜ್ಜಿಗಾಗಿ ಹಸಿಯ ತೊಗರಿ, ಕಡಲೆ, ಅವರೆಗಳನ್ನು ಸುಲಿಯುವಾಗ ಎಳೆಯ ಬೆರಳುಗಳಿಗೆ ದೊರೆಯುವ ಅಭ್ಯಾಸವು, ಮುಂದೆ ಬಳಪ ಹಿಡಿಯುವ ಶಕ್ತಿಗೆ ನೇರವಾಗಿ ಸಲ್ಲತಕ್ಕದ್ದು. ಹೊಲದಲ್ಲಿ ಜೋಳದ ದಂಟಿನಿಂದ ಕಟ್ಟಿದ ಕೊಂಪೆಯಲ್ಲಿ ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸುವಾಗ ಐದೆಂಬ ಸಂಖ್ಯೆಯೂ, ಚರಗ ಚೆಲ್ಲುತ್ತ ಹೊಲದ ಸುತ್ತ ನಡೆಯುವಾಗ ಬದು, ಮೂಲೆ, ಸಾಲು ಎಂಬ ಮಾತುಗಳೂ ಕಾಲಿಗೆ ತಿಳಿಯುತ್ತವೆ. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದ ಚನ್ನಬಸವ ಪಟ್ಟದ್ದೇವರ (1890–1999) ಭಾಲ್ಕಿಯಲ್ಲಿ ಹೊಲದ ಮಾತುಗಳು ಮಕ್ಕಳ ನಾಲಗೆಯಿಂದ ಜಾರಿಹೋಗುವುದನ್ನು ನೋಡುತ್ತ ಸುಮ್ಮನಿರುವುದು ನನ್ನಿಂದಾಗದು.

ಬೇಸಗೆಯ ವಸ್ತು ನೀರು. ಬೀದರದ ಜಂಬಿಟ್ಟಿಗೆಯ ಮೂಲಕ ಇಳಿದ ಮಳೆಯ ನೀರು ಕೆಳಗಿನ ಗಟ್ಟಿಯಾದ ಕರಿಯ ಬಂಡೆಯನ್ನು ಮುಟ್ಟಿ, ಪ್ರಸ್ಥಭೂಮಿಯ ಅಂಚಿನಲ್ಲಿ ಒರತೆಯಾಗಿ ಹೊರಬರುತ್ತದೆ; ಬಹಮನಿ ಸುಲ್ತಾನರ ಕಾಲದ ಕರೇಜ್ ಕಾಲುವೆಗಳು ನೆಲದೊಳಗೆ ಹಿಡಿದು ಸಾಗಿಸಿದುದು ಇಂತಹ ನೀರನ್ನೇ. ಅಂತಹ ಒರತೆಯೊಂದಾದ ಗುರುನಾನಕ ಝೀರಾದಲ್ಲಿ ಕೈಯೊಡ್ಡಿ ನಿಂತ ಹುಡುಗಿಯು, ಇದು ಕೆಂಪು ಡಬ್ಬಿಯ ನೀರೇ ಎಂದು ಕೇಳಿದಳು. ಹೌದೆಂದೆ.

ಮಳೆಯು ತಡವಾದ ವರ್ಷ ವಹಿಯನ್ನು ಮುಂದೆ ಸರಿಸಬೇಕೇ ಹೊರತು ನಲ್ಲಿಯ ನೀರಿನಿಂದ ಮಿರಗದ ಪಾಠವನ್ನು ನಡೆಸಬಾರದು. ಮುಗಿಲು ನೋಡುತ್ತ ಕಾಯುವ ಮನೆಯವರ ಚಿಂತೆಯೂ ಆ ಮಗುವಿಗೆ ತಿಳಿಯಬೇಕಾದುದೇ. ಬರುವ ಜೂನಿನಲ್ಲಿ ಹಿರಿಯಳು ಶಾಲೆಗೆ ಸೇರುವಳು, ಅವಳ ತಮ್ಮನಿಗೆ ಮೂರು ತುಂಬುವುದು. ಡಬ್ಬಿಗಳಿಗೆ ನೀರೆರೆಯುವುದನ್ನು ತಾನೇ ಅವನಿಗೆ ಕಲಿಸುವೆನೆಂದು ಅವಳು ಹೇಳಿರುವುದರಿಂದ, ಔರಾದಕ್ಕೆ ಒಂದು ಚೀಲ ಎರೆಮಣ್ಣಿಗಾಗಿ ಈಗಲೇ ಹೇಳಿಕಳುಹಿಸಿದ್ದೇನೆ.